ಹಿಮದ ಊರಿನ ಮುದಿ ಟ್ರ್ಯಾಕ್ಟರುಗಳು

ಜನವರಿ ತಿಂಗಳ ಬೆಳಗಿನ ಜಾವ, ಐದು ಗಂಟೆ. ಮಿಷಿಗನ್ ಸರೋವರದ ಪಶ್ಚಿಮ ದಡದಲ್ಲಿರುವ ಪೋರ್ಟ್ ವಾಷಿಂಗ್ಟನ್ ಎಂಬ ಊರು ಇನ್ನೂ ಕತ್ತಲಲ್ಲೇ ಇದೆ. ರಾತ್ರಿಯಿಡೀ ಸದ್ದಿಲ್ಲದೆ ಸುರಿದ ಹಿಮ ರಸ್ತೆ, ಅಂಗಳ, ಬೋಳು ಮರ, ನಿಂತ ಕಾರು ಎಲ್ಲವನ್ನೂ ಒಂದೇ ಬಣ್ಣಕ್ಕೆ ತಂದಿದೆ. ಆ ಮೌನದ ನಡುವೆ ಎಲ್ಲೋ ಒಂದು ಗ್ಯಾರೇಜಿನ ಬಾಗಿಲು ಮೇಲೇರುವ ಸದ್ದು. ಹಿಂದೆಯೇ ಸ್ಟಾರ್ಟರಿನ ನರಳಾಟ. ಒಮ್ಮೆ ಆಯಿತು, ಎರಡು ಸಲ ಆಯಿತು, ಮೂರನೆಯ ಸಲಕ್ಕೆ ಒಂದೇ ಸಿಲಿಂಡರಿನ ಎಂಜಿನ್ ಡಬಡಬನೆ ಕೆಮ್ಮಿ ಎದ್ದು ಕೂರುತ್ತದೆ. ಎರಡು ಮಂಕು ದೀಪಗಳನ್ನು ಉರಿಸಿಕೊಂಡು ಹೊರಗೆ ಬರುವುದು ದೊಡ್ಡ ಟ್ರ್ಯಾಕ್ಟರಿನ ಮರಿಯಂಥ ಒಂದು ಯಂತ್ರ. ಮೂತಿಗೆ ಅಗಲವಾದ ಕಬ್ಬಿಣದ ಹಲಗೆ, ಹಿಂದಿನ ಗಾಲಿಗಳಿಗೆ ಸರಪಳಿ. ಅದರ ವಯಸ್ಸು ಅರವತ್ತರ ಆಸುಪಾಸು. ಅದರ ಮೇಲೆ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಕುಳಿತವರ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಆಶ್ಚರ್ಯವಿಲ್ಲ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈ ಭಾಗದಲ್ಲಿ ಇದು ಚಳಿಗಾಲದ ಮಾಮೂಲು ನೋಟ. ಹೊಸ ಯಂತ್ರಗಳು ಅಂಗಡಿಯಲ್ಲಿ ಸಾಲಾಗಿ ನಿಂತಿರುವಾಗ ಈ ಮುದಿ ಯಂತ್ರಗಳನ್ನು ಇಟ್ಟುಕೊಂಡು ಇವರೇಕೆ ಒದ್ದಾಡುತ್ತಾರೆ? ಉತ್ತರ ಬೇಕಿದ್ದರೆ ಈ ಊರುಗಳನ್ನೇ ಒಂದು ಸುತ್ತು ಹಾಕಿ ಬರಬೇಕು. ಏಕೆಂದರೆ ಈ ಯಂತ್ರಗಳು ಹುಟ್ಟಿದ್ದೂ ಇಲ್ಲೇ.

ಒಂದು ಊರು, ಎರಡು ಕಾರ್ಖಾನೆ

ಮಿಲ್ವಾಕಿ ನಗರದಿಂದ ಸರೋವರದ ದಡ ಹಿಡಿದು ಉತ್ತರಕ್ಕೆ ನಲವತ್ತು ಕಿಲೋಮೀಟರ್ ಹೋದರೆ ಪೋರ್ಟ್ ವಾಷಿಂಗ್ಟನ್ ಸಿಗುತ್ತದೆ. ಜನಸಂಖ್ಯೆ ಹನ್ನೆರಡು ಸಾವಿರ ಚಿಲ್ಲರೆ. ಗುಡ್ಡದ ಮೇಲೆ 1860ರ ಹಳೆಯ ದೀಪಸ್ತಂಭದ ಮನೆ, ಪಕ್ಕದಲ್ಲೇ ಎತ್ತರದ ಚರ್ಚು, ಕೆಳಗೆ ಬಂದರು. ಬಂದರಿನ ತುದಿಯಲ್ಲಿ 1935ರಲ್ಲಿ ಕಟ್ಟಿದ ಮತ್ತೊಂದು ದೀಪಸ್ತಂಭ. ಚಳಿ ಬಿದ್ದಾಗ ಅಲೆಗಳು ಸಿಡಿದು ಅಲ್ಲೇ ಹೆಪ್ಪುಗಟ್ಟಿ ಅದಕ್ಕೊಂದು ಮಂಜಿನ ಕವಚ ತೊಡಿಸುತ್ತವೆ.

ಇಷ್ಟು ಸಣ್ಣ ಊರಿನಲ್ಲಿ ಗಾರ್ಡನ್ ಟ್ರ್ಯಾಕ್ಟರಿನ ಎರಡು ಹೆಸರಾಂತ ಕಂಪನಿಗಳಿದ್ದವು. ಒಂದು ಬೋಲೆನ್ಸ್, ಇನ್ನೊಂದು ಸಿಂಪ್ಲಿಸಿಟಿ. ಸಿಂಪ್ಲಿಸಿಟಿಯನ್ನು ವಿಲಿಯಂ ನೀಡರ್‌ಕಾರ್ನ್ 1922ರಲ್ಲಿ ಆರಂಭಿಸಿದಾಗ ಅದು ತಯಾರಿಸುತ್ತಿದ್ದದ್ದು ಟ್ರ್ಯಾಕ್ಟರನ್ನಲ್ಲ. ಸವೆದ ಕಾರ್ ಎಂಜಿನ್ನಿನ ಸಿಲಿಂಡರನ್ನು ಮತ್ತೆ ಕೊರೆದು ಸರಿಪಡಿಸುವ ಬೋರಿಂಗ್ ಯಂತ್ರವನ್ನು. ಅಂದರೆ ಹಳೆಯದಕ್ಕೆ ಮರುಜೀವ ಕೊಡುವುದೇ ಅದರ ಮೊದಲ ಕಸುಬು. ತೋಟದ ಟ್ರ್ಯಾಕ್ಟರ್ ಬಂದದ್ದು 1930ರ ದಶಕದಲ್ಲಿ, ಅಂಚೆಯ ಮೂಲಕ ಸಾಮಾನು ಮಾರುತ್ತಿದ್ದ ಮಾಂಟ್ಗೊಮೆರಿ ವಾರ್ಡ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆ ಬೇಡಿಕೆ ಇಟ್ಟ ಮೇಲೆ.

ಆಗಿನವು ಎರಡೇ ಗಾಲಿಯವು. ಹಿಡಿಕೆ ಹಿಡಿದು ಹಿಂದೆ ನಡೆಯಬೇಕು. ಮಲೆನಾಡು, ಕರಾವಳಿಯ ಗದ್ದೆಗಳಲ್ಲಿ ಪವರ್ ಟಿಲ್ಲರ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಹುಟ್ಟಿದ ವಿ.ಎಸ್.ಟಿ. ಕಂಪನಿಯ ಟಿಲ್ಲರುಗಳು ಇವುಗಳ ದೂರದ ದಾಯಾದಿಗಳು ಎನ್ನಬಹುದು. ಎರಡನೇ ಮಹಾಯುದ್ಧ ಮುಗಿದು, ಅಮೆರಿಕದ ಜನ ಪಟ್ಟಣದ ಹೊರವಲಯದಲ್ಲಿ ಅರ್ಧ ಎಕರೆ, ಒಂದೆಕರೆ ಜಾಗದಲ್ಲಿ ಮನೆ ಕಟ್ಟಿಕೊಳ್ಳತೊಡಗಿದಾಗ ಯಂತ್ರಕ್ಕೆ ನಾಲ್ಕು ಗಾಲಿ, ಒಂದು ಸೀಟು ಬಂತು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸು, ವಸಂತದಲ್ಲಿ ತರಕಾರಿ ಮಡಿಗೆ ನೇಗಿಲು ಹೂಡು, ಚಳಿಗಾಲದಲ್ಲಿ ಹಿಮ ತಳ್ಳು. ಒಂದೇ ಎತ್ತಿಗೆ ವರ್ಷವಿಡೀ ದುಡಿಮೆ.

1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನ 'ಕಬ್ ಕೆಡೆಟ್', 1963ರಲ್ಲಿ ಜಾನ್ ಡೀರ್‌ನ '110' ಬಂದವು. ಇಂಡಿಯಾನಾ ರಾಜ್ಯದ 'ವೀಲ್ ಹಾರ್ಸ್' ಮೊದಲೇ ಇತ್ತು. ಮಿಲ್ವಾಕಿಯ ಮಗ್ಗುಲಲ್ಲೇ, ತನ್ನ ಹೆಸರನ್ನೇ ಊರಿಗೂ ಕೊಟ್ಟಿದ್ದ ಆಲಿಸ್-ಚಾಮರ್ಸ್ ಕಂಪನಿ 1961ರಿಂದ ಸಿಂಪ್ಲಿಸಿಟಿಯ ಯಂತ್ರಗಳನ್ನು ತನ್ನ ಹೆಸರಿನಲ್ಲಿ ಮಾರಿತು. 1965ರಲ್ಲಿ ಆ ಕಂಪನಿಯನ್ನೇ ಕೊಂಡುಕೊಂಡಿತು. ಕೊನೆಗೆ 1987ರಲ್ಲಿ ಆಲಿಸ್-ಚಾಮರ್ಸ್ ದಿವಾಳಿಯಾಯಿತು. ದೈತ್ಯ ಮುಳುಗಿತು, ಅದು ಮಾರಿದ ಪುಟ್ಟ ಟ್ರ್ಯಾಕ್ಟರುಗಳು ಇವತ್ತಿಗೂ ಹಿಮ ತಳ್ಳುತ್ತಿವೆ.

ಕುದುರೆ ತೊಟ್ಟಿಯಿಂದ ಎಂಜಿನ್ನಿಗೆ

ಪೋರ್ಟ್ ವಾಷಿಂಗ್ಟನ್ನಿನಿಂದ ಹೆದ್ದಾರಿ ಹಿಡಿದು ಇನ್ನೂ ಅರ್ಧ ಗಂಟೆ ಉತ್ತರಕ್ಕೆ ಹೋದರೆ ಶೆಬಾಯ್ಗನ್ ಪಟ್ಟಣ, ಅದಕ್ಕೆ ಅಂಟಿಕೊಂಡಂತೆ ಕೋಲರ್ ಎಂಬ ಹಳ್ಳಿ. ಬಚ್ಚಲಮನೆಯ ನಲ್ಲಿ, ವಾಷ್ ಬೇಸಿನ್ ಕೊಳ್ಳಲು ಹೋದವರಿಗೆ ಈ ಹೆಸರು ಗೊತ್ತಿರುತ್ತದೆ. ಆಸ್ಟ್ರಿಯಾದಿಂದ ವಲಸೆ ಬಂದ ಜಾನ್ ಮೈಕೆಲ್ ಕೋಲರ್ 1873ರಲ್ಲಿ ಎರಕದ ಕಾರ್ಖಾನೆಯನ್ನು ವಹಿಸಿಕೊಂಡು ನೇಗಿಲ ಬಿಡಿಭಾಗ ಮಾಡಿಸುತ್ತಿದ್ದರು. ಹತ್ತು ವರ್ಷದ ನಂತರ, ಪ್ರಾಣಿಗಳಿಗೆಂದು ಎರಕ ಹೊಯ್ಯುತ್ತಿದ್ದ ಕಬ್ಬಿಣದ ತೊಟ್ಟಿಗೆ ಎನಾಮಲ್ ಬಳಿದು, ನಾಲ್ಕು ಕಾಲು ಜೋಡಿಸಿ, ಮನುಷ್ಯರ ಸ್ನಾನಕ್ಕೂ ಆದೀತು ಎಂದು ಮಾರಿದರಂತೆ. ಅಲ್ಲಿಂದ ಕಂಪನಿಯ ಅದೃಷ್ಟ ತೆರೆಯಿತು.

ಅದೇ ಎರಕದ ವಿದ್ಯೆ ಮುಂದೆ ಎಂಜಿನ್ನಿಗೂ ಬಂತು. ಕೋಲರ್ 'ಕೆ' ಸರಣಿಯ ಎಂಜಿನ್ ಎಂದರೆ ಹಳೆಯ ಟ್ರ್ಯಾಕ್ಟರ್ ಪ್ರಿಯರ ಮುಖ ಅರಳುತ್ತದೆ. ಕಬ್ ಕೆಡೆಟ್, ಜಾನ್ ಡೀರ್, ವೀಲ್ ಹಾರ್ಸ್ ಎಂದು ಹೊರಗಿನ ಬಣ್ಣ ಬೇರೆ ಬೇರೆಯಾದರೂ ಹಲವು ಮಾದರಿಗಳ ಹೊಟ್ಟೆಯೊಳಗೆ ಇದ್ದದ್ದು ಇದೇ. ಏಳು, ಎಂಟು, ಹತ್ತು, ಹನ್ನೆರಡು ಅಶ್ವಶಕ್ತಿ. ಒಂದೇ ಸಿಲಿಂಡರ್, ಇಡೀ ಬ್ಲಾಕು ಎರಕದ ಕಬ್ಬಿಣ. ತೂಕ ಜಾಸ್ತಿ, ಸದ್ದೂ ಜಾಸ್ತಿ. ಆದರೆ ಅದರ ಗುಣವಿರುವುದು ಬೇರೆ ಕಡೆ. ಸಿಲಿಂಡರ್ ಸವೆದು ಹೊಗೆಯಾಡತೊಡಗಿದರೆ ಒಳಗೋಡೆಯನ್ನು ಒಂದು ಇಂಚಿನ ನೂರನೇ ಒಂದು ಭಾಗದಷ್ಟು ಅಗಲಿಸಿ, ಅದೇ ಅಳತೆಗೆ ದಪ್ಪನಾದ ಪಿಸ್ಟನ್ ಕೂರಿಸಬಹುದು. ಮತ್ತೆ ಸವೆದರೆ ಇನ್ನೊಂದಿಷ್ಟು. ಹೀಗೆ ಮೂರು ಸಲ ಮಾಡಲು ಕಂಪನಿಯೇ ಅಳತೆ ಗೊತ್ತುಮಾಡಿ ಪಿಸ್ಟನ್ ತಯಾರಿಸಿತ್ತು. ಮುಂದೊಂದು ದಿನ ಯಾರೋ ಇದನ್ನು ಬಿಚ್ಚುತ್ತಾರೆ, ಮತ್ತೆ ಜೋಡಿಸುತ್ತಾರೆ ಎಂದು ಎಣಿಸಿಯೇ ಕಟ್ಟಿದ ಯಂತ್ರ ಅದು.

ಹಿಮ ತಳ್ಳುವುದೂ ಒಂದು ವಿದ್ಯೆ

ಮಿಲ್ವಾಕಿಯ ಸುತ್ತಮುತ್ತ ಒಂದು ಚಳಿಗಾಲಕ್ಕೆ ಒಟ್ಟು ಸುಮಾರು ನಾಲ್ಕು ಅಡಿ ಹಿಮ ಬೀಳುತ್ತದೆ. 1982ರ ಜನವರಿಯಲ್ಲಿ ಉಷ್ಣಾಂಶ ಮೈನಸ್ 32 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದನ್ನು ಹಳಬರು ಮರೆತಿಲ್ಲ. ಹಿಮ ನಿಂತ ಮೇಲೆ ಮನೆ ಮುಂದಿನ ಕಾಲುದಾರಿಯನ್ನು ಇಷ್ಟು ಗಂಟೆಯೊಳಗೆ ತೆರವು ಮಾಡಬೇಕೆಂದು ಹಲವು ಊರುಗಳಲ್ಲಿ ಕಾನೂನೇ ಇದೆ. ಮಿಲ್ವಾಕಿಯಲ್ಲಿ ಅದು 24 ಗಂಟೆ. ಇದರ ಮೇಲೆ ಇನ್ನೊಂದು ಕಿರುಕುಳ: ಮನೆಯವರು ಬೆವರು ಸುರಿಸಿ ದಾರಿ ಬಿಡಿಸಿಕೊಂಡ ಹೊತ್ತಿಗೆ ಸರಿಯಾಗಿ ಪುರಸಭೆಯ ದೊಡ್ಡ ಲಾರಿ ರಸ್ತೆಯ ಹಿಮವನ್ನು ತಳ್ಳುತ್ತ ಬಂದು ಅವರ ಗೇಟಿನ ಬಾಯಿಗೇ ಒಂದು ಗೋಡೆ ಕಟ್ಟಿ ಹೋಗುತ್ತದೆ. ಲೋಕದಲ್ಲಿ ಎಲ್ಲ ಊರಿನ ಪುರಸಭೆಗಳೂ ಅಕ್ಕತಂಗಿಯರೇ!

ಟ್ರ್ಯಾಕ್ಟರಿನ ಮೂತಿಗೆ ಹಲಗೆ ಕಟ್ಟಿ ತಳ್ಳಿದರಾಯಿತು ಎಂದು ನೋಡಿದವರಿಗೆ ಅನ್ನಿಸುತ್ತದೆ. ಅಷ್ಟು ಸುಲಭವಲ್ಲ. ಮೊದಲನೆಯದು, ಚಕ್ರ ಜಾರಬಾರದು. ಹುಲ್ಲು ಹಾಳಾಗದಿರಲೆಂದು ಈ ಟ್ರ್ಯಾಕ್ಟರುಗಳ ಟಯರು ನುಣುಪಾಗಿರುತ್ತವೆ, ಹಿಮದ ಮೇಲೆ ಅವು ನಿಂತಲ್ಲೇ ಸುತ್ತುತ್ತವೆ. ಅದಕ್ಕೇ ಸರಪಳಿ. ಜೊತೆಗೆ ಹಿಂಗಾಲಿಗೆ ಎರಕದ ತೂಕದ ಬಿಲ್ಲೆ. ನಮ್ಮ ರೈತರು ಟ್ರ್ಯಾಕ್ಟರನ್ನು ಗದ್ದೆಗಿಳಿಸುವಾಗ ಹಿಂದಿನ ಟಯರಿಗೆ ನೀರು ತುಂಬಿಸುವುದುಂಟಲ್ಲ, ಹಾಗೆ ಇಲ್ಲಿಯೂ ತುಂಬಿಸುತ್ತಾರೆ. ಬರೀ ನೀರು ತುಂಬಿದರೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರು. ಲವಣ ಬೆರೆತಾಗ ನೀರಿನ ಘನೀಭವನ ಬಿಂದು ಕೆಳಗಿಳಿಯುತ್ತದೆ ಎಂಬ ಪಠ್ಯಪುಸ್ತಕದ ಸಾಲು ಇಲ್ಲಿ ಟಯರಿನೊಳಗೆ ಕುಳಿತಿರುತ್ತದೆ. ಅದರ ಸೇಡೂ ಉಂಟು: ಎಲ್ಲಾದರೂ ಸೋರಿದರೆ ಕಬ್ಬಿಣದ ರಿಮ್ಮನ್ನು ಅದು ಸದ್ದಿಲ್ಲದೆ ತಿಂದು ಹಾಕುತ್ತದೆ.

ಎರಡನೆಯದು ದೂರದೃಷ್ಟಿ. ಡಿಸೆಂಬರಿನ ಮೊದಲ ಹಿಮವನ್ನು ಅಂಗಳದ ಅಂಚಿನಾಚೆಗೆ ಆದಷ್ಟು ದೂರ ತಳ್ಳಬೇಕು. ಸೋಮಾರಿತನದಿಂದ ಅಂಚಿನಲ್ಲೇ ಬಿಟ್ಟರೆ ಆ ರಾಶಿ ಗಟ್ಟಿಯಾಗಿ ಬಂಡೆಯಾಗುತ್ತದೆ. ಮುಂದಿನ ಹಿಮ ಅದರ ಈಚೆ, ಅದರ ಮುಂದಿನದು ಇನ್ನೂ ಈಚೆ. ಫೆಬ್ರುವರಿ ಹೊತ್ತಿಗೆ ಕಾರು ಹೋಗುವ ದಾರಿ ಸೈಕಲ್ ಹೋಗುವಷ್ಟಾಗಿರುತ್ತದೆ!

ಚಳಿಯಲ್ಲಿ ಎಂಜಿನ್ ಎಬ್ಬಿಸುವುದಂತೂ ಹಳೆಯ ಸ್ಕೂಟರನ್ನು ವಾಲಿಸಿ, ಚೋಕ್ ಎಳೆದು, ಕಿಕ್ ಹೊಡೆದು ಬೆಳಗಿನ ಕಚೇರಿ ವೇಳೆಯನ್ನು ಕಳೆದ ಅಪ್ಪಂದಿರಿಗೆ ಚೆನ್ನಾಗಿ ಅರ್ಥವಾಗುವ ವಿಷಯ. ಕೊರೆಯುವ ಚಳಿಗೆ ಪೆಟ್ರೋಲು ಸುಲಭವಾಗಿ ಆವಿಯಾಗುವುದಿಲ್ಲ. ಎಂಜಿನ್ ಆಯಿಲ್ಲು ಜೋನಿಬೆಲ್ಲದ ಹಾಗೆ ಮಂದವಾಗುತ್ತದೆ. ಬೇಸಿಗೆಯ ಆಯಿಲ್ ಬಸಿದು, ಚಳಿಗೆಂದೇ ಇರುವ ತೆಳು ಆಯಿಲ್ ಹಾಕದಿದ್ದರೆ ಸ್ಟಾರ್ಟರಿಗೆ ಅದನ್ನು ತಿರುಗಿಸುವ ತ್ರಾಣವಿರುವುದಿಲ್ಲ. ಬ್ಯಾಟರಿಯ ಕಥೆ ಇನ್ನೂ ಸ್ವಾರಸ್ಯ. ಪೂರ್ತಿ ಚಾರ್ಜ್ ಆದ ಬ್ಯಾಟರಿಯೊಳಗೆ ಆಮ್ಲ ಗಾಢವಾಗಿರುವುದರಿಂದ ಮೈನಸ್ 50 ಡಿಗ್ರಿಯಲ್ಲೂ ಅದು ಹೆಪ್ಪುಗಟ್ಟದು. ಅದೇ ಬ್ಯಾಟರಿ ಡೌನ್ ಆಗಿದ್ದರೆ ಒಳಗಿರುವುದು ಬಹುಪಾಲು ನೀರೇ, ಮೈನಸ್ ಹತ್ತರ ಆಸುಪಾಸಿನಲ್ಲಿ ಮಂಜುಗಡ್ಡೆಯಾಗಿ ಡಬ್ಬಿಯೇ ಬಿರಿಯುತ್ತದೆ. ಅದಕ್ಕಾಗಿ ಕೆಲವರು ಸಂಜೆಯಾದರೆ ಬ್ಯಾಟರಿ ಬಿಚ್ಚಿ ಮಗುವಿನಂತೆ ಮನೆಯೊಳಗೆ ತಂದಿಟ್ಟುಕೊಳ್ಳುತ್ತಾರೆ.

ಗ್ಯಾರೇಜಿನೊಳಗಿನ ಪಾಠಶಾಲೆ

ಹಿಮವಿಲ್ಲದ ದಿನ ಏನು ಕೆಲಸ? ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಹೊಲಗದ್ದೆಯ ಕೆಲಸವಿಲ್ಲ, ಹುಲ್ಲು ಬೆಳೆಯುವುದಿಲ್ಲ. ಈ ಬಿಡುವೇ ಹಳೆಯ ಟ್ರ್ಯಾಕ್ಟರ್ ಬಿಚ್ಚಿಡಲು ಹೇಳಿ ಮಾಡಿಸಿದ ಕಾಲ. ಅನೇಕ ಗ್ಯಾರೇಜುಗಳಲ್ಲಿ ಎರಡು ಯಂತ್ರಗಳಿರುತ್ತವೆ. ದುಡಿಯುವುದು ಒಂದು, ಆಪರೇಷನ್ ಟೇಬಲ್ಲಿನ ಮೇಲಿರುವುದು ಇನ್ನೊಂದು. ಈ ಎರಡನೆಯದು ಯಾರದೋ ಕೊಟ್ಟಿಗೆಯ ಹಿಂದೆ ಇಪ್ಪತ್ತು ವರ್ಷ ಮಳೆಯಲ್ಲಿ ನಿಂತಿದ್ದದ್ದು. ಎಂಜಿನ್ ಜಾಮ್ ಆಗಿ, ಸೀಟಿನೊಳಗೆ ಇಲಿ ಸಂಸಾರ ಹೂಡಿ ಹೋಗಿರುತ್ತದೆ.

ಜಾಮ್ ಆದ ಪಿಸ್ಟನ್ನಿನ ಮುಂದೆ ಬಲ ಪ್ರಯೋಗ ನಡೆಯುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದವನು ಪಿಸ್ಟನ್ನನ್ನೇ ಒಡೆಯುತ್ತಾನೆ. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಸುರಿದು ಕಾಯಬೇಕು. ಒಂದು ವಾರವೋ ಒಂದು ತಿಂಗಳೋ. ನಡುನಡುವೆ ಫ್ಲೈವೀಲನ್ನು ಮೆಲ್ಲಗೆ ಆಡಿಸಿ ನೋಡಬೇಕು. ಒಂದು ದಿನ ಕೂದಲೆಳೆಯಷ್ಟು ಅಲುಗಿತೆಂದರೆ ಆ ಮನೆಯಲ್ಲಿ ಅಂದು ಹಬ್ಬ.

ತುಕ್ಕು ಹಿಡಿದ ಕಬ್ಬಿಣದ ಭಾಗಗಳಿಗೆ ಮಾಡುವ ಉಪಚಾರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಅದರಲ್ಲಿ ಒಂದಿಷ್ಟು ವಾಷಿಂಗ್ ಸೋಡಾ. ತುಕ್ಕು ಹಿಡಿದ ಭಾಗವನ್ನು ಮುಳುಗಿಸಿ ಅದಕ್ಕೆ ಬ್ಯಾಟರಿ ಚಾರ್ಜರಿನ ಋಣ ತುದಿ, ಪಕ್ಕದಲ್ಲಿ ಅದಕ್ಕೆ ತಾಗದಂತೆ ನಿಲ್ಲಿಸಿದ ಗುಜರಿ ಕಬ್ಬಿಣಕ್ಕೆ ಧನ ತುದಿ. ವಿದ್ಯುತ್ ಹರಿದಾಗ ತುಕ್ಕಿನ ಭಾಗದಿಂದ ಹೈಡ್ರೋಜನ್ ಗುಳ್ಳೆಗಳೇಳುತ್ತವೆ, ತುಕ್ಕು ಸಡಿಲಗೊಂಡು ಕಪ್ಪು ಕೆಸರಾಗಿ ಉದುರುತ್ತದೆ. ರಾತ್ರಿ ಇಟ್ಟರೆ ಬೆಳಿಗ್ಗೆ ಬ್ರಷ್ಷಿನಲ್ಲಿ ಉಜ್ಜುವುದಷ್ಟೇ ಬಾಕಿ. ಗುಜರಿಯ ಬದಲು ಸ್ಟೀಲ್ ಚಮಚೆಯನ್ನೋ ಲೋಟವನ್ನೋ ಹಾಕುವ ಬುದ್ಧಿವಂತಿಕೆ ಮಾತ್ರ ಬೇಡ. ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಬರುತ್ತದೆ. ಅಲ್ಯೂಮಿನಿಯಂ ಭಾಗಗಳನ್ನೂ ಹಾಕಬಾರದು, ಸೋಡಾ ಅವನ್ನು ತಿನ್ನುತ್ತದೆ. ಹೈಡ್ರೋಜನ್ ಉರಿಯುವ ಅನಿಲವಾದ್ದರಿಂದ ಮುಚ್ಚಿದ ಕೋಣೆಯಲ್ಲಿ ಇದನ್ನು ಯಾರೂ ಮಾಡುವುದಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹೊರಗೆ ಚಳಿ ಎಂದು ಗ್ಯಾರೇಜಿನ ಬಾಗಿಲು ಹಾಕಿಕೊಂಡು ಎಂಜಿನ್ ಚಾಲೂ ಮಾಡುವುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಏಳುವುದೇ ಇಲ್ಲ. ಹಳೆಯ ಮೆಕ್ಯಾನಿಕ್ಕುಗಳು ಮಕ್ಕಳಿಗೆ ಸ್ಪಾನರ್ ಹಿಡಿಯುವುದಕ್ಕಿಂತ ಮೊದಲು ಬಾಗಿಲು ತೆರೆಯುವುದನ್ನು ಕಲಿಸುತ್ತಾರೆ.

ಮಕ್ಕಳು ಎಂದದ್ದು ಸುಮ್ಮನಲ್ಲ. ಅಮೆರಿಕದ ಗ್ರಾಮಾಂತರದ ಮಕ್ಕಳ ಸಂಘಟನೆಯಾದ '4-ಎಚ್'ನಲ್ಲಿ ಸಣ್ಣ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುವುದಕ್ಕೆಂದೇ ಪ್ರಾಜೆಕ್ಟ್ ಇದೆ. ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಅದಕ್ಕೆ ಒಳ್ಳೆಯ ಪಾಠಪುಸ್ತಕ, ಏಕೆಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕಿಡಿ ಹಾರಿಸುವ ಪಾಯಿಂಟುಗಳ ನಡುವಿನ ಅಂತರ ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ತೂರಿಸಿ ಅಳೆಯಬಹುದು. ಆ ಅಂತರ ತೆರೆದ ಕ್ಷಣ ಕಾಯಿಲಿನ ಕಾಂತಕ್ಷೇತ್ರ ಕುಸಿದು ಸಾವಿರಾರು ವೋಲ್ಟಿನ ಕಿಡಿ ಪ್ಲಗ್ಗಿನಲ್ಲಿ ಹಾರುತ್ತದೆ. ಫ್ಯಾರಡೆಯ ನಿಯಮವನ್ನು ಬಾಯಿಪಾಠ ಮಾಡಿದ ಹುಡುಗನೂ, ಪ್ಲಗ್ ಹಿಡಿದುಕೊಂಡು ಒಮ್ಮೆ ಶಾಕ್ ಹೊಡೆಸಿಕೊಂಡ ಹುಡುಗಿಯೂ ಒಂದೇ ವಿಷಯವನ್ನು ಕಲಿತಿರುತ್ತಾರೆ. ಯಾರಿಗೆ ಹೆಚ್ಚು ದಿನ ನೆನಪಿರುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಕೆಲವು ಮಾದರಿಗಳಲ್ಲಿ ಬೆಲ್ಟಿನಿಂದ ಓಡುವ ಒಂದೇ ಯಂತ್ರ ಮೊದಲು ಮೋಟಾರಾಗಿ ಎಂಜಿನ್ನನ್ನು ತಿರುಗಿಸಿ, ಎಂಜಿನ್ ಎದ್ದ ಮೇಲೆ ಅದೇ ಜನರೇಟರಾಗಿ ಬ್ಯಾಟರಿಯನ್ನು ತುಂಬಿಸುತ್ತದೆ. ಮೋಟಾರು ಮತ್ತು ಡೈನಮೋ ಒಂದೇ ನಾಣ್ಯದ ಎರಡು ಮುಖ ಎಂದು ಮೇಷ್ಟರು ಹೇಳಿದ್ದು ಆಗ ಕೈಗೆ ಸಿಗುತ್ತದೆ.

ಹೋರಿಕಾನ್: ಬಣ್ಣದ ಆಸೆ, ಬೀಗದ ಜಗಳ

ಪೋರ್ಟ್ ವಾಷಿಂಗ್ಟನ್ನಿನಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ಹೋರಿಕಾನ್. ಊರಿನ ಪಕ್ಕದಲ್ಲೇ ಮೂವತ್ತಮೂರು ಸಾವಿರ ಎಕರೆಯಷ್ಟು ಹರಡಿರುವ ಜೌಗು, ವಲಸೆ ಬರುವ ಕೆನಡಾ ಬಾತುಗಳಿಗೆ ಹೆಸರುವಾಸಿ. ಊರೊಳಗೆ ಜಾನ್ ಡೀರ್ ಕಾರ್ಖಾನೆ. ಬಿತ್ತನೆ ಯಂತ್ರಗಳನ್ನು ಮಾಡುತ್ತಿದ್ದ ವ್ಯಾನ್ ಬ್ರಂಟ್ ಕಂಪನಿಯನ್ನು ಡೀರ್ 1911ರಲ್ಲಿ ಕೊಂಡಾಗಿನಿಂದ ಅದು ಇಲ್ಲಿದೆ. '110' ಹುಟ್ಟಿದ್ದು ಇಲ್ಲೇ. ದುಂಡನೆಯ ಮಡ್‌ಗಾರ್ಡಿನ ಮೊದಲ ವರ್ಷಗಳ '110' ಸಿಕ್ಕರೆ ಸಂಗ್ರಹಕಾರರು ನಿದ್ದೆಗೆಡುತ್ತಾರೆ.

1969ರಲ್ಲಿ ಕಂಪನಿಗೆ ಒಂದು ವಿಚಿತ್ರ ಆಸೆ ಹುಟ್ಟಿತು. ಹಸಿರು-ಹಳದಿ ಎಂಬ ತನ್ನ ಬಣ್ಣವನ್ನು ಬಿಟ್ಟು ಬಿಳಿ ಮೈಯ ಟ್ರ್ಯಾಕ್ಟರಿಗೆ ಕೆಂಪು, ಕಿತ್ತಳೆ, ಹಳದಿ, ನೀಲಿ ಬಣ್ಣದ ಬಾನೆಟ್ಟು, ಸೀಟು ಕೊಟ್ಟಿತು. ಮನೆಯ ವರಾಂಡಾಕ್ಕೆ ಹೊಂದುವಂತೆ ಆರಿಸಿಕೊಳ್ಳಿ ಎಂಬ ಉಪಾಯ. ಜನ ಒಪ್ಪಲಿಲ್ಲ, ಜಾನ್ ಡೀರ್ ಎಂದರೆ ಹಸಿರೇ. 1971ರ ಹೊತ್ತಿಗೆ ಆ ಪ್ರಯೋಗ ಮುಗಿಯಿತು. ಅಂದು ಬೇಡವಾದ ಅದೇ ಬಣ್ಣಗಳಿಗೆ ಈಗ ಹುಡುಕಾಟ.

ಇದೇ ಕಂಪನಿ ಮುಂದೆ ಇನ್ನೊಂದು ಕಾರಣಕ್ಕೆ ಸುದ್ದಿಯಾಯಿತು. ಅದರ ಹೊಸ ದೊಡ್ಡ ಟ್ರ್ಯಾಕ್ಟರುಗಳು ಕಂಪ್ಯೂಟರಿನಿಂದ ನಡೆಯುತ್ತವೆ. ಕೆಟ್ಟರೆ ಕೆಲವು ರಿಪೇರಿಗಳಿಗೆ ಬೇಕಾದ ಸಾಫ್ಟ್‌ವೇರ್ ಅಧಿಕೃತ ಡೀಲರುಗಳ ಕೈಯಲ್ಲಿ ಮಾತ್ರ ಇರುತ್ತದೆ, ಕೊಂಡ ರೈತನೇ ತನ್ನ ಯಂತ್ರದ ಹೊರಗೆ ನಿಲ್ಲಬೇಕು ಎಂಬುದು ರೈತರ ದೂರು. 2023ರ ಜನವರಿಯಲ್ಲಿ ಕಂಪನಿ ಅಮೆರಿಕದ ರೈತರ ದೊಡ್ಡ ಸಂಘಟನೆಯಾದ ಫಾರ್ಮ್ ಬ್ಯೂರೋ ಜೊತೆ ಒಪ್ಪಂದ ಮಾಡಿಕೊಂಡು ರಿಪೇರಿಯ ಸಲಕರಣೆ, ಮಾಹಿತಿ ಒದಗಿಸುವುದಾಗಿ ಹೇಳಿತು. ಅಷ್ಟಕ್ಕೆ ತೃಪ್ತವಾಗದ ಫೆಡರಲ್ ಟ್ರೇಡ್ ಕಮಿಷನ್, ಇಲಿನಾಯ್ ಮತ್ತು ಮಿನೆಸೋಟ ರಾಜ್ಯಗಳೊಡಗೂಡಿ 2025ರ ಜನವರಿಯಲ್ಲಿ ಮೊಕದ್ದಮೆ ಹೂಡಿತು. ಕಂಪನಿ ಆರೋಪಗಳನ್ನು ಅಲ್ಲಗಳೆಯಿತು. ಹೊಸ ಯಂತ್ರ ಇಂಧನ ಉಳಿಸುತ್ತದೆ, ಹೊಗೆ ಕಡಿಮೆ, ನೇರ ಸಾಲು ಹೂಡುತ್ತದೆ, ಸುಳ್ಳಲ್ಲ. ಆದರೆ '110'ರ ಬಾನೆಟ್ ಎತ್ತಿದ ಹತ್ತನೇ ತರಗತಿಯ ಹುಡುಗಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ನಾಲ್ಕು ಸ್ಪಾನರ್, ಒಂದು ಸ್ಕ್ರೂಡ್ರೈವರ್ ಸಾಕಿತ್ತು.

ಮಾರ್ಚ್ ತಿಂಗಳು ಬಂದಾಗ ಜೌಗಿನ ಮಂಜು ಕರಗಿ ಬಾತುಗಳು ಕೂಗುತ್ತ ಹಿಂತಿರುಗುತ್ತವೆ. ಗ್ಯಾರೇಜುಗಳಲ್ಲಿ ಬಿಡಿಬಿಡಿಯಾಗಿ ನೇತಾಡುತ್ತಿದ್ದ ಭಾಗಗಳಿಗೆ ಪ್ರೈಮರ್ ಆಗಿರುತ್ತದೆ, ಕೊನೆಯ ಬಣ್ಣ ಬಾಕಿ. ಉಷ್ಣಾಂಶ ಹತ್ತು ಡಿಗ್ರಿ ದಾಟದೆ ಬಣ್ಣ ಸರಿಯಾಗಿ ಒಣಗುವುದಿಲ್ಲ, ಅದಕ್ಕಾಗಿ ಕಾಯುತ್ತಾರೆ. ದುಡಿಯುವ ಟ್ರ್ಯಾಕ್ಟರಿನ ಹಲಗೆ ಬಿಚ್ಚಿ, ಸರಪಳಿಗೆ ಎಣ್ಣೆ ಸವರಿ ಗೋಡೆಗೆ ತೂಗುಹಾಕಿ, ಹುಲ್ಲು ಕತ್ತರಿಸುವ ಡೆಕ್ಕನ್ನು ಹೊಟ್ಟೆಯಡಿ ಕಟ್ಟುವ ಸಂಭ್ರಮ. ಅನುಭವಸ್ಥರು ಮಾತ್ರ ಅವಸರಪಡುವುದಿಲ್ಲ. ಏಪ್ರಿಲ್ ಅರ್ಧ ಕಳೆಯುವ ತನಕ ಸರಪಳಿ ಗಾಲಿಯಲ್ಲೇ ಇರಲಿ ಎನ್ನುತ್ತಾರೆ. ಅದನ್ನು ಬಿಚ್ಚಿ ಮೇಲಿಟ್ಟ ರಾತ್ರಿಯೇ ಮತ್ತೆ ಅರ್ಧ ಅಡಿ ಹಿಮ ಬಿದ್ದ ಬೆಳಗುಗಳು ಅವರಿಗೆ ಚೆನ್ನಾಗಿ ನೆನಪಿವೆ.